ಕರ್ಚೀಫಿನ ಅಂಟು

ತಾಯಿ,

ನಿಮ್ಮ ಪತ್ರಕ್ಕೆ ಉತ್ತರಿಸುವಾಗ ನಿಮ್ಮ ಬಡಾವಣೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಮ್ಮೆ ಅಚ್ಚಾದರೆ ಅಲ್ಲಿಯ ಹುಡುಗರು ನಾಳೆ ಎಲ್ಲಿ ಕೆಲಸ ಕೇಳಲು ಹೋದರೂ ಅಂಟು ಮೂಸುವವರೆಂಬ ಕಳಂಕ ಹಿಂದೆಯೇ ಹೋಗುತ್ತದೆ.

ನಿಮ್ಮ ತಂಗಿಯ 16 ವರ್ಷದ ಮಗ ಗ್ಯಾರೇಜಿನಿಂದ ಬಂದವನೇ ಮಂಕಾಗಿ ಕೂರುತ್ತಾನೆ, ಅವನ ಕರ್ಚೀಫು ಎಷ್ಟು ತಿಕ್ಕಿದರೂ ಗಂಜಿ ಹಾಕಿದ ಹಾಗೆ ಸೆಟೆದೇ ಇರುತ್ತದೆ ಎಂದು ಬರೆದಿದ್ದೀರಿ. ಪೊಲೀಸರಿಗೆ ಹೇಳಲೋ, ಕಟ್ಟಿಹಾಕಿಯಾದರೂ ಚಟ ಬಿಡಿಸುತ್ತೇವೆ ಎನ್ನುವ ಕೇಂದ್ರಕ್ಕೆ ಸೇರಿಸಲೋ ಎಂದು ಕೇಳಿದ್ದೀರಿ. ಎರಡೂ ಬೇಡ. ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ಮೈಸೂರಿನಲ್ಲಿ ಕೋಟಿಗಟ್ಟಲೆ ಬೆಲೆಯ ಎಂಡಿ ಎಂಬ ಮಾದಕವಸ್ತು ಹಿಡಿದಾಗ ಊರೆಲ್ಲ ಅದೇ ಮಾತು. ಪಂಕ್ಚರ್ ಹಾಕಲು ಬಳಸುವ ಅಂಟಿನ, ಅಂದರೆ ಸಲ್ಯೂಷನ್ ಟ್ಯೂಬಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಟ್ಟೆಗೆ ಹಿಂಡಿ, ಮುಷ್ಟಿಯಲ್ಲಿ ಮುಚ್ಚಿ, ಕೆಮ್ಮುವವರ ಹಾಗೆ ಬಾಯಿಗೆ ಹಿಡಿದರೆ ಕೆಲವೇ ಕ್ಷಣದಲ್ಲಿ ಮಿದುಳಿಗೇರುತ್ತದೆ. ಹಸಿವನ್ನೂ ಮರೆಸುತ್ತದೆ. ಬೆಳಗ್ಗೆ ಬರೀ ಟೀ ಕುಡಿದು ಹೋಗುವ ಹುಡುಗ ರಾತ್ರಿವರೆಗೆ ಏನೂ ತಿನ್ನುವುದಿಲ್ಲ ಎಂಬ ನಿಮ್ಮ ಸಾಲಿನಲ್ಲಿ ನಾನು ಬಹಳ ಹೊತ್ತು ನಿಂತೆ.

ಅಮಲಿನಲ್ಲಿದ್ದಾಗ ಮಾತ್ರ ದಯವಿಟ್ಟು ಹೊಡೆಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಆ ಹೊತ್ತಿನಲ್ಲಿ ಬೆಚ್ಚಿಬಿದ್ದರೆ, ಓಡಿದರೆ ಎದೆಬಡಿತ ಏರುಪೇರಾಗಿ ಹೃದಯವೇ ನಿಂತುಬಿಡಬಹುದು. ಮೊದಲ ಸಲ ಮೂಸಿದವರೂ ಹಾಗೆ ಸತ್ತದ್ದುಂಟು. ಬಟ್ಟೆ ಮೆಲ್ಲಗೆ ತೆಗೆದುಕೊಳ್ಳಿ, ಕಿಟಕಿ ಬಾಗಿಲು ತೆಗೆದಿಡಿ, ಪಕ್ಕದಲ್ಲೇ ಕೂತಿರಿ. ಪ್ರಜ್ಞೆ ತಪ್ಪಿದರೆ 108ಕ್ಕೆ ಫೋನ್ ಮಾಡಿ.

ಇನ್ನು ಕೇಸಿನ ಭಯ. ಸಲ್ಯೂಷನ್ನು 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೇ ಇಲ್ಲ. ಜೊತೆಗೆ ಗಾಂಜಾ ಚಟ ಅಂಟಿದ್ದರೂ, ತಾನಾಗಿ ಸರ್ಕಾರಿ ಆಸ್ಪತ್ರೆಗೆ ಬಂದು ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ ಸೇವನೆಯ ಮೊಕದ್ದಮೆಯಿಂದ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಹುಡುಗರಿಗೆ ಬಲೆ ಬೀಸಿ ಮಾರುವವರಿಗೆ ಈ ರಕ್ಷಣೆ ಇಲ್ಲ, ಇರಲೂ ಬಾರದು. ಸರಪಳಿ ಹಾಕಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಚಟವೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕಟ್ಟಿಹಾಕುತ್ತೇವೆ ಎಂದವರ ಬಾಗಿಲಿಗೆ ಹೋಗಲೇಬೇಡಿ, ಎಷ್ಟೇ ಕಡಿಮೆ ದುಡ್ಡು ಕೇಳಿದರೂ.

ಒಂದೇ ಭೇಟಿಗೆ ಬಿಡುವ ಚಟವಲ್ಲ ಇದು. ಸಿಡುಕುತ್ತಾನೆ, ನಿದ್ದೆ ಬರುವುದಿಲ್ಲ, ಮತ್ತೆ ಮೂಸಲೂಬಹುದು. ಆಗಲೂ ಮನೆಯಿಂದ ಆಚೆ ಹಾಕಬೇಡಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.

ಸೋಮವಾರ ಬೆಳಗ್ಗೆ ಗ್ಯಾರೇಜಿಗೆ ರಜೆ ಹಾಕಿಸಿ. ಹೊಟ್ಟೆ ತುಂಬ ತಿನ್ನಿಸಿ ಹೊರಡಿಸಿ. ಆ ಕರ್ಚೀಫನ್ನು ಒಗೆಯದೆ ಕವರಿನಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ.