ಓಪನ್‌ಬಿಎಸ್‌ಡಿ ಹಾಕಿದ ಮೇಲೆ ವೈಫೈ ಕಾಣದಿದ್ದರೆ

ಲ್ಯಾಪ್‌ಟಾಪ್‌ಗೆ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಐಡಬ್ಲ್ಯುಎಂ0 (ಇಂಟೆಲ್ ವೈಫೈ ಕಾರ್ಡಿಗೆ ಅದು ಕೊಡುವ ಹೆಸರು) ಫರ್ಮ್‌ವೇರ್ ಓದಲಾಗಲಿಲ್ಲ ಅಂತ ಬರುತ್ತಿದೆ, ಕಾರ್ಡ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಗಾಬರಿ ಬೇಡ. ಇಂಟೆಲ್ ಕಾರ್ಡಿನ ಫರ್ಮ್‌ವೇರನ್ನು, ಅಂದರೆ ಕಾರ್ಡ್ ಕೆಲಸ ಮಾಡಲು ಬೇಕಾದ ಒಳಗಿನ ಸಾಫ್ಟ್‌ವೇರನ್ನು, ಲೈಸೆನ್ಸ್ ಕಾರಣಕ್ಕೆ ಇನ್‌ಸ್ಟಾಲ್ ಇಮೇಜಿನಲ್ಲಿ ಹಾಕಿರುವುದಿಲ್ಲ. ಮೊದಲ ಸಲ ಬೂಟ್ ಆದಾಗ ಸಿಸ್ಟಮ್ ಅದನ್ನು ನೆಟ್‌ನಿಂದ ಇಳಿಸಿಕೊಳ್ಳಲು ನೋಡುತ್ತದೆ. ಆದರೆ ನಿಮಗೆ ನೆಟ್ ಬರಬೇಕಾದ್ದೇ ವೈಫೈಯಿಂದ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ.

ನೆಟ್‌ವರ್ಕ್ ಕೇಬಲ್ ಇದ್ದರೆ ಚುಚ್ಚಿ. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಆದೀತು. ಸಾಮಾನ್ಯವಾಗಿ ಅದು ಯುಆರ್‌ಎನ್‌ಡಿಐಎಸ್0 ಅಂತ ಕಾಣಿಸುತ್ತದೆ. ಐಎಫ್‌ಕಾನ್ಫಿಗ್ (ifconfig) ಕಮಾಂಡಿನಿಂದ ಅದಕ್ಕೆ 'ಐನೆಟ್ ಆಟೋಕಾನ್ಫ್' (inet autoconf, ಅಂದರೆ ವಿಳಾಸ ತಾನೇ ಪಡೆದುಕೋ ಅಂತ) ಕೊಟ್ಟು, ರೂಟ್ (ಅಡ್ಮಿನ್) ಆಗಿ, ಫರ್ಮ್‌ವೇರ್ ಇಳಿಸುವ ಎಫ್‌ಡಬ್ಲ್ಯು_ಅಪ್‌ಡೇಟ್ (fw_update) ಓಡಿಸಿ.

ಆಮೇಲೆ ಇಟಿಸಿ ಫೋಲ್ಡರಿನಲ್ಲಿ ಹೋಸ್ಟ್‌ನೇಮ್.ಐಡಬ್ಲ್ಯುಎಂ0 (/etc/hostname.iwm0) ಫೈಲ್ ಮಾಡಿ. ಎರಡೇ ಸಾಲು. ಮೊದಲನೆಯದರಲ್ಲಿ ಜಾಯಿನ್ (join), ನೆಟ್‌ವರ್ಕ್ ಹೆಸರು, ಡಬ್ಲ್ಯುಪಿಎಕೀ (wpakey), ಪಾಸ್‌ವರ್ಡ್. ಎರಡನೆಯದು ಅದೇ ಐನೆಟ್ ಆಟೋಕಾನ್ಫ್. ಬೇರೆ ನೆಟ್‌ವರ್ಕ್‌ಗಳಿದ್ದರೆ ಜಾಯಿನ್ ಸಾಲು ಜಾಸ್ತಿ ಮಾಡಿ, ಸಿಕ್ಕಿದ್ದನ್ನು ಅದೇ ಹಿಡಿಯುತ್ತದೆ. ಪಾಸ್‌ವರ್ಡ್ ಅದರಲ್ಲೇ ಇರುತ್ತದಲ್ವಾ, ಬೇರೆಯವರು ಓದದ ಹಾಗೆ ಫೈಲಿನ ಪರ್ಮಿಷನ್ 640 ಇಡಿ. ಕೊನೆಗೆ, ನೆಟ್‌ವರ್ಕ್ ಶುರು ಮಾಡುವ ನೆಟ್‌ಸ್ಟಾರ್ಟ್ ಸ್ಕ್ರಿಪ್ಟ್ (sh /etc/netstart) ಓಡಿಸಿ.

ಹಾಂ, ಬ್ಲೂಟೂತ್‌ಗಾಗಿ ಸುಮ್ನೆ ತಡಕಾಡಬೇಡಿ. ಅದನ್ನು ಓಪನ್‌ಬಿಎಸ್‌ಡಿಯಿಂದ 2014ರಲ್ಲೇ ತೆಗೆದುಹಾಕಿದ್ದಾರೆ.