ಹೈಲ್ಯಾಂಡ್ ಕೌನ್ಸಿಲ್ ಅಂದರೆ ನಗರಸಭೆಯಾ, ಜಿಲ್ಲಾಡಳಿತವಾ?

ಕೆಲಸಕ್ಕೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬರ್ತಿದ್ದೀರಿ, ಮನೆ ಬಾಡಿಗೆ ಪತ್ರದಲ್ಲಿ 'ಹೈಲ್ಯಾಂಡ್ ಕೌನ್ಸಿಲ್' ಅಂತಿದೆ, ಅದು ಊರಿನದ್ದಾ ಜಿಲ್ಲೆಯದ್ದಾ, ಸ್ಕೈ ದ್ವೀಪ, ಫೋರ್ಟ್ ವಿಲಿಯಂ ಎಲ್ಲ ಅದರೊಳಗೇ ಬರ್ತವಾ ಅಂತ ಕೇಳಿದ್ದೀರಿ. ಇನ್ವರ್ನೆಸ್‌ನಲ್ಲೇ ಇರುವುದರಿಂದ ಹೇಳ್ತೇನೆ.

ಎರಡೂ ಅದೇ. ಸ್ಕಾಟ್ಲೆಂಡಿನಲ್ಲಿ 1996ರಿಂದ ಸ್ಥಳೀಯ ಆಡಳಿತ ಒಂದೇ ಹಂತದ್ದು. ಇಡೀ ಸ್ಕಾಟ್ಲೆಂಡಿಗೆ 32 ಕೌನ್ಸಿಲ್, ಅಷ್ಟೇ. ಇನ್ವರ್ನೆಸ್‌ಗೆ 2000ದಲ್ಲಿ ಸಿಟಿ ಅನ್ನೋ ಪಟ್ಟ ಸಿಕ್ಕಿತು, ಮೇಯರ್ ಥರ ಒಬ್ಬ ಪ್ರೊವೋಸ್ಟ್ ಕೂಡ ಇದ್ದಾರೆ. ಆದರೆ ಬೇರೆ ನಗರಸಭೆ ಇಲ್ಲ. ಶಾಲೆ, ಕಸ, ಲೈಬ್ರರಿ, ಮನೆ ಕಟ್ಟಲು ಪರ್ಮಿಷನ್, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವುದು, ಎಲ್ಲ ಈ ಒಂದೇ ಕೌನ್ಸಿಲ್ ಕೆಲಸ.

ಸ್ಕೈ, ಫೋರ್ಟ್ ವಿಲಿಯಂ ಮಾತ್ರ ಅಲ್ಲ, ಉತ್ತರದ ತುದಿಯ ಥರ್ಸೋ, ವಿಕ್ ಕೂಡ ಇದರಲ್ಲೇ ಬರ್ತವೆ. ಸ್ಕಾಟ್ಲೆಂಡಿನ ಮೂರನೇ ಒಂದು ಭಾಗದಷ್ಟು ನೆಲ, ಸುಮಾರು 26,000 ಚದರ ಕಿ.ಮೀ. ಜನ ಮಾತ್ರ ಎರಡೂವರೆ ಲಕ್ಷಕ್ಕೂ ಕಮ್ಮಿ. ಹಾಗಂತ ಜನ 'ಹೈಲ್ಯಾಂಡ್ಸ್' ಅಂದಿದ್ದೆಲ್ಲ ಇದಕ್ಕೆ ಸೇರಿಲ್ಲ. ಲೂಯಿಸ್ ದ್ವೀಪಕ್ಕೆ ಬೇರೆ ಕೌನ್ಸಿಲ್, ಆರ್ಕ್ನಿಗೆ ಬೇರೆ, ದಕ್ಷಿಣದ ಅರ್ಗೈಲ್‌ಗೆ ಬೇರೆ.

ಇಷ್ಟು ದೊಡ್ಡ ಜಾಗವನ್ನು 'ಸ್ಥಳೀಯ' ಅಂತ ಕರೆಯುವುದೇ ನನಗೆ ವಿಚಿತ್ರ ಅನ್ಸುತ್ತೆ. 1975ರಿಂದ 1996ರವರೆಗೆ ಇದರ ಕೆಳಗೆ ಎಂಟು ಡಿಸ್ಟ್ರಿಕ್ಟ್‌ಗಳಿದ್ದವು: ಕೇತ್‌ನೆಸ್, ಸದರ್ಲೆಂಡ್, ಲೋಖಾಬರ್, ನೇರ್ನ್ ಹೀಗೆ. ಅವು ಹೋದರೂ ಹೆಸರು ಹೋಗಿಲ್ಲ. ಫೋರ್ಟ್ ವಿಲಿಯಂನವರನ್ನು ಯಾವ ಕಡೆಯವರು ಅಂತ ಕೇಳಿ, ಲೋಖಾಬರ್ ಅಂತಾರೆ. ಎಲ್ಲ ಇನ್ವರ್ನೆಸ್‌ಗೇ ಹೋಗುತ್ತೆ ಅನ್ನೋ ಗೊಣಗಾಟ ಕೇತ್‌ನೆಸ್ ಕಡೆ ಜಾಸ್ತಿ. ವಿಕ್‌ನಿಂದ ಇಲ್ಲಿಗೆ ನೂರು ಮೈಲಿ ದಾರಿ, ಗೊಣಗದೆ ಇನ್ನೇನು ಮಾಡ್ತಾರೆ!

ಈ ಭೂಗೋಳ ಕೌನ್ಸಿಲ್‌ಗೆ ಎಂಥ ಕೆಲಸ ಹಚ್ಚಿದೆ ಅಂತ ನೋಡಬೇಕಾದರೆ ಫೋರ್ಟ್ ವಿಲಿಯಂನಿಂದ ಸ್ವಲ್ಪ ದಕ್ಷಿಣಕ್ಕೆ, ಕೊರ್ರನ್‌ಗೆ ಹೋಗಿ. ಲಾಖ್ ಲಿನ್ನಿ ಅನ್ನೋ, ನೆಲದೊಳಕ್ಕೆ ಚಾಚಿದ ಕಡಲ ತೋಳು ಅಲ್ಲಿ ತೀರಾ ಕಿರಿದಾಗುತ್ತೆ. ಆಚೆ ದಡ ಕಣ್ಣೆದುರಿಗೇ ಕಾಣುತ್ತೆ, ಆದರೆ ಸೇತುವೆ ಇಲ್ಲ. ಕಾರು ಹತ್ತಿಸಿಕೊಂಡು ಫೆರಿ ಐದು ನಿಮಿಷದಲ್ಲಿ ದಾಟಿಸುತ್ತೆ. ರಸ್ತೆಯಲ್ಲೇ ಹೋಗ್ತೀನಿ ಅಂದ್ರೆ ಫೋರ್ಟ್ ವಿಲಿಯಂ ಕಡೆಯಿಂದ ಸುಮಾರು 40 ಮೈಲಿ ಸುತ್ತು. ಪಶ್ಚಿಮ ಕರಾವಳಿಯ ಬಹುಪಾಲು ಫೆರಿಗಳು ಸ್ಕಾಟಿಷ್ ಸರ್ಕಾರದ ಕಂಪನಿ ಕ್ಯಾಲ್ಮ್ಯಾಕ್‌ನದು. ಇದು ಮಾತ್ರ ಕೌನ್ಸಿಲ್‌ನದೇ. 2023ರಲ್ಲಿ ಒಂದು ಹಡಗು ರಿಪೇರಿಗೆ ಹೋಗಿದ್ದಾಗಲೇ ಇನ್ನೊಂದೂ ಕೆಟ್ಟು, ವಾರಗಟ್ಟಲೆ ಕಾರು ದಾಟುವುದೇ ನಿಂತುಹೋಯಿತು. ಆಚೆ ದಡದ ಆರ್ಡ್‌ಗೌರ್‌ನವರಿಗೆ ಶಾಲೆ, ಡಾಕ್ಟರು, ದಿನಸಿ ಎಲ್ಲಕ್ಕೂ ಆಗ ಆ ಸುತ್ತು ದಾರಿಯೇ ಗತಿಯಾಯಿತು.

ದೂರು ಕೊಡೋವಾಗ ಗೊಂದಲ ಆಗೋದು ಇಲ್ಲಿ. ನಿಮ್ಮ ಬೀದಿಯ ಗುಂಡಿ ಕೌನ್ಸಿಲ್‌ಗೆ. ಆದರೆ ಎ9, ಎ82 ಥರದ ಹೆದ್ದಾರಿಯ ಗುಂಡಿ ಟ್ರಾನ್ಸ್‌ಪೋರ್ಟ್ ಸ್ಕಾಟ್ಲೆಂಡ್‌ಗೆ. ಪೊಲೀಸು, ಅಗ್ನಿಶಾಮಕ 2013ರಿಂದ ಇಡೀ ಸ್ಕಾಟ್ಲೆಂಡಿಗೆ ಒಂದೊಂದೇ. ನೀರು ಸ್ಕಾಟಿಷ್ ವಾಟರ್‌ನದು, ದುಡ್ಡು ವಸೂಲಿ ಮಾತ್ರ ಕೌನ್ಸಿಲ್ ಮಾಡುತ್ತೆ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆ ಮೇಲಿನ ಸ್ಥಳೀಯ ತೆರಿಗೆಯ ಬಿಲ್‌ನಲ್ಲೇ ನೀರಿಗೊಂದು, ಚರಂಡಿಗೊಂದು ಸಾಲು ಇರುತ್ತೆ, ನೋಡಿ ಗಾಬರಿ ಆಗಬೇಡಿ. ಟ್ಯಾಕ್ಸ್ ಲೆಕ್ಕ ಹಾಕೋದು 1991ರ ಮನೆ ಬೆಲೆಯ ಮೇಲೆ, ಎ ಇಂದ ಎಚ್‌ವರೆಗೆ ಎಂಟು ಬ್ಯಾಂಡ್. ಒಬ್ಬರೇ ಇದ್ದರೆ ಕಾಲುಭಾಗ ರಿಯಾಯಿತಿ. ಕೇಳದೆ ಸಿಗಲ್ಲ, ಅರ್ಜಿ ಹಾಕಿ.

ಇನ್ನೊಂದು ಮಾತು. ವೀಸಾದಲ್ಲಿ ಇರೋ ಭಾರತೀಯರಿಗೂ ಇಲ್ಲಿ ಓಟಿದೆ, ಕಾಮನ್‌ವೆಲ್ತ್ ಪ್ರಜೆಗಳು ಅಂತ. ಬಂದ ಮೇಲೆ ಹೆಸರು ನೋಂದಾಯಿಸಿ. ಕೌನ್ಸಿಲ್‌ನಲ್ಲಿ 21 ವಾರ್ಡ್, 74 ಸದಸ್ಯರು. ಒಂದೊಂದು ವಾರ್ಡಿಗೆ ಮೂವರು ಅಥವಾ ನಾಲ್ವರು. ಮುದ್ರೆ ಒತ್ತೋದಲ್ಲ, ಇಷ್ಟವಾದ ಕ್ರಮದಲ್ಲಿ 1, 2, 3 ಅಂತ ಬರೆಯೋದು. ಪಕ್ಷಕ್ಕೆ ಸೇರದವರು ಇಲ್ಲಿ ಮೊದಲಿಂದಲೂ ಜಾಸ್ತಿ ಗೆಲ್ತಾರೆ. ಮುಂದಿನ ಚುನಾವಣೆ 2027ರ ಮೇನಲ್ಲಿ.