ಅಲ್ಯೂಮಿನಿಯಂ ಕೇಬಲ್ ಕೀಳಿಸೋಕೆ ಮುಂಚೆ ಟರ್ಮಿನಲ್ ನೋಡಿ

ಹೊಳಲ್ಕೆರೆ ಕಡೆಯ ಅಣ್ಣ ಕೇಳಿರೋದು ಇಷ್ಟು: ಅಡಿಕೆ ತೋಟದ ಬೋರಲ್ಲಿ 700 ಅಡಿಗೆ 7.5 ಎಚ್‌ಪಿ ಮೋಟಾರು, ಒಳಗೆ 4 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ಫ್ಲ್ಯಾಟ್ ಕೇಬಲ್. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಸ್ಟಾರ್ಟರ್ ತನಕ 100 ಮೀಟರ್ ಹೊಸದಾಗಿ 10 ಸ್ಕ್ವೇರ್ ಅಲ್ಯೂಮಿನಿಯಂ ಎಳೆಸಿದ ಮೇಲೆ ಸ್ಟಾರ್ಟರಿನ ಒಂದು ಟರ್ಮಿನಲ್ (ತಂತಿಯನ್ನು ಸ್ಕ್ರೂ ಹಾಕಿ ಬಿಗಿಯೋ ಜಾಗ) ಪದೇ ಪದೇ ಸುಡ್ತಿದೆ. ಅಲ್ಯೂಮಿನಿಯಂ ಕಿತ್ತು 6 ಸ್ಕ್ವೇರ್ ತಾಮ್ರ ಹಾಕಿಸಲಾ?

ಬೇಡ ಅಣ್ಣ. ಲೆಕ್ಕ ನೋಡಿ. 1 ಸ್ಕ್ವೇರ್ ದಪ್ಪದ ತಂತಿ 1000 ಮೀಟರಿಗೆ ತಾಮ್ರವಾದರೆ 20 ಓಮ್, ಅಲ್ಯೂಮಿನಿಯಂ ಆದರೆ 31 ಓಮ್ ಅಂತ ಹಿಡೀರಿ. ಇದು ಕೇಬಲ್ಲಿನ ಲೆಕ್ಕ, ಶುದ್ಧ ಲೋಹದ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆ. ಉದ್ದಕ್ಕೆ ಗುಣಿಸಿ, ದಪ್ಪಕ್ಕೆ ಭಾಗಿಸಿ. ನಿಮ್ಮ ಅಲ್ಯೂಮಿನಿಯಂ ಒಂದೊಂದು ಎಳೆಗೆ 0.31 ಓಮ್. 6 ಸ್ಕ್ವೇರ್ ತಾಮ್ರ ಹಾಕಿದರೆ 0.33. ಅಂದರೆ ದುಡ್ಡು ಕೊಟ್ಟು ಇನ್ನೂ ಒಂಚೂರು ಕೆಟ್ಟದ್ದನ್ನೇ ತಂದಂಗೆ. ಮೂರು ಫೇಸಲ್ಲಿ 15 ಆಂಪಿಯರ್ ಓಡುವಾಗ, ಪವರ್ ಫ್ಯಾಕ್ಟರ್ 0.8 ಇಟ್ಟುಕೊಂಡರೆ, ಈ ಓಮನ್ನು 21ರಿಂದ ಗುಣಿಸಿ. ಅಷ್ಟು ವೋಲ್ಟ್ ದಾರೀಲೇ ಹೋಗುತ್ತೆ. ಅಲ್ಯೂಮಿನಿಯಂನಲ್ಲಿ ಹೋಗೋದು ಆರೂವರೆ ವೋಲ್ಟ್ ಅಷ್ಟೆ. ಬೋರೊಳಗಿನ 4 ಸ್ಕ್ವೇರಲ್ಲಿ 22 ವೋಲ್ಟ್ ಹೋಗ್ತಿದೆ, ಅದರ ಬಗ್ಗೆ ಯಾರೂ ಮಾತೇ ಎತ್ತಿಲ್ಲ! ಮುಂದೆ ಮೋಟಾರು ಮೇಲೆತ್ತಿದಾಗ ಅಲ್ಲಿ 6 ಸ್ಕ್ವೇರ್ ಇಳಿಸಿ, 15ಕ್ಕೆ ಬರುತ್ತೆ. ಬೋರೊಳಗೆ ಮಾತ್ರ ತಾಮ್ರವೇ ಇರಲಿ. ಮೋಟಾರಿನ ವೈರು ತಾಮ್ರ; ನೀರೊಳಗೆ ಅದಕ್ಕೆ ಅಲ್ಯೂಮಿನಿಯಂ ಜಾಯಿಂಟ್ ಮಾಡಿದರೆ, ಟೇಪಿನೊಳಗೆ ಹನಿ ನೀರು ಇಳಿದರೂ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತೆ.

ಹಾಗಾದರೆ ಸುಡೋದು ಯಾಕೆ? ಕೇಬಲ್ಲಿಂದಲ್ಲ, ಜಾಯಿಂಟಿಂದ. ಅಲ್ಯೂಮಿನಿಯಂ ಹೆರೆದ ಕ್ಷಣದಲ್ಲೇ ಗಾಳಿ ತಾಗಿ ತೆಳು ಪೊರೆ ಕಟ್ಟುತ್ತೆ, ಆ ಪೊರೆ ಕರೆಂಟ್ ಬಿಡಲ್ಲ. ಜೊತೆಗೆ ಅದು ಮೆತ್ತನೆ ಲೋಹ. ಸ್ಕ್ರೂ ಒತ್ತಿದ ಕಡೆ ದಿನ ಕಳೆದಂತೆ ಜರುಗಿ ಬಿಗಿ ಸಡಿಲ ಆಗುತ್ತೆ. ಬಿಸಿಗೆ ಹಿಗ್ಗೋದೂ ತಾಮ್ರಕ್ಕಿಂತ ಜಾಸ್ತಿ, ಹಾಗಾಗಿ ಮೋಟಾರು ಆನ್-ಆಫ್ ಆದಷ್ಟೂ ಅಲುಗಾಡುತ್ತೆ. ಜಾಯಿಂಟಲ್ಲಿ ಬರೀ 0.1 ಓಮ್ ಕೂತರೂ 15 ಆಂಪಿಯರಿಗೆ 22 ವ್ಯಾಟ್ ಬಿಸಿ, ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ ಹತ್ತಿರ ಹತ್ತಿರ ಅಷ್ಟೇ. ಡೈರೆಕ್ಟ್ ಸ್ಟಾರ್ಟರಾದರೆ ಶುರುವಿನ ಗಳಿಗೆ ಐದಾರು ಪಟ್ಟು ಕರೆಂಟ್, ಬಿಸಿ 25ರಿಂದ 36 ಪಟ್ಟು.

ಆ ಬಿಸಿ ಅಲ್ಲೇ ನಿಲ್ಲಲ್ಲ. ಲೋಹದೊಳಗೆ ಕರೆಂಟ್ ಹೊರುವ ಎಲೆಕ್ಟ್ರಾನುಗಳೇ ಬಿಸಿಯನ್ನೂ ಹೊರುತ್ತವೆ, ಒಂದಕ್ಕೆ ಒಳ್ಳೆ ದಾರಿಯಾದ ಲೋಹ ಇನ್ನೊಂದಕ್ಕೂ ಒಳ್ಳೆ ದಾರಿ. ಎರಡೂ ಹೀಗೆ ಜೊತೆಜೊತೆಗೆ ಹೋಗೋದನ್ನು ಜರ್ಮನಿಯ ವಿಜ್ಞಾನಿಗಳಾದ ವೀಡೆಮಾನ್ ಮತ್ತು ಫ್ರಾಂಜ್ 1853ರಲ್ಲೇ ಗುರುತಿಸಿದ್ದರು. ನಿಮ್ಮ ಸ್ಟಾರ್ಟರಲ್ಲಿ ಇದರ ಫಲ ಏನಂದರೆ, ಸಡಿಲ ಟರ್ಮಿನಲ್ಲಿನ ಬಿಸಿ ತಾಮ್ರದ ಪಟ್ಟಿ ಹಿಡಿದು ಓವರ್‌ಲೋಡ್ ರಿಲೇಗೆ (ಕರೆಂಟ್ ಹೆಚ್ಚಾದಾಗ ಆಗೋ ಬಿಸಿಗೆ ಮೋಟಾರು ನಿಲ್ಲಿಸೋ ಭಾಗ) ಹೋಗುತ್ತೆ, ಕರೆಂಟ್ ಸರಿಯಿದ್ದರೂ ರಿಲೇ ಟ್ರಿಪ್ ಆಗುತ್ತೆ. ಆಗ ಸೆಟ್ಟಿಂಗ್ ಏರಿಸೋದು ಶುದ್ಧ ತಪ್ಪು. ಟರ್ಮಿನಲ್ ಪೂರ್ತಿ ಸುಟ್ಟು ಒಂದು ಫೇಸ್ ಹೋದಾಗ ಆ ಏರಿಸಿದ ರಿಲೇ ತಡ ಮಾಡುತ್ತೆ, ವೈಂಡಿಂಗ್ ಹೋಗುತ್ತೆ.

ಇದೇ ಪ್ರಶ್ನೆಗೆ ಇನ್ನೊಬ್ಬರು ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ವಾಷರ್ ಹಾಕಿ ಅಂದಿದ್ದಾರೆ. ಹಾಕಿ, ಆದರೆ ನಟ್ಟಿನ ಕೆಳಗೆ. ಲಗ್ಗಿಗೂ (ತಂತಿ ತುದಿಗೆ ಒತ್ತಿಸೋ ಲೋಹದ ತುಂಡು) ಟರ್ಮಿನಲ್ಲಿಗೂ ನಡುವೆ ಬೇಡ. ಬೇರೆ ಜಾತಿಯ ಪರಮಾಣು ಬೆರೆತಷ್ಟೂ ಎಲೆಕ್ಟ್ರಾನುಗಳಿಗೆ ದಾರಿ ಕಲ್ಲುಮುಳ್ಳಾಗುತ್ತೆ. ಸ್ಟೇನ್‌ಲೆಸ್ಸಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ, ನಿಕ್ಕಲ್ ಎರಡೂ ಇರೋದರಿಂದ ತಾಮ್ರಕ್ಕಿಂತ ಸುಮಾರು 40 ಪಟ್ಟು ಅಡ್ಡಿ. ಸ್ಟೀಲ್ ಪಾತ್ರೆಗೆ ತಾಮ್ರದ ತಳ ಹಾಕೋದೂ ಇದಕ್ಕೇ. ಹಿತ್ತಾಳೆ ಕೂಡ ತಾಮ್ರದ ಕಾಲುಭಾಗದಷ್ಟೇ ಹರಿಸುತ್ತೆ. ಆದರೂ ಟರ್ಮಿನಲ್ ಹಿತ್ತಾಳೇದು ಯಾಕಂದರೆ ಅದು ಗಟ್ಟಿ, ಸ್ಕ್ರೂ ಥ್ರೆಡ್ ಸವೆಯಲ್ಲ, ಗಿಡ್ಡ ದಪ್ಪ ತುಂಡಲ್ಲಿ ಆ ಅಡ್ಡಿ ಲೆಕ್ಕಕ್ಕೆ ಬರಲ್ಲ.

ಈಗ ಕೆಲಸ. ಆಟೋ ಸ್ವಿಚ್ ಮೊದಲು ಆಫ್ ಮಾಡಿ, ಇಲ್ಲಾಂದರೆ ಕರೆಂಟ್ ಬಂದ ತಕ್ಷಣ ತಾನೇ ಶುರುವಾಗುತ್ತೆ. ಲೈನ್‌ಮ್ಯಾನ್ ಕೈಲಿ ಲೈನ್ ತೆಗೆಸಿ, ಟಿಸಿ ಫ್ಯೂಸಿಗೆ ನೀವು ಕೈ ಹಾಕಬೇಡಿ. ಮೂರೂ ಫೇಸಿಗೆ ಟೆಸ್ಟರ್ ಇಟ್ಟು ನೋಡಿ. ಸುಟ್ಟ ತುದಿಯನ್ನು ಹೊಳೆಯುವ ಲೋಹ ಕಾಣೋ ತನಕ ಕತ್ತರಿಸಿ; ಕಪ್ಪಾದ ಎಳೆ ಬಿಟ್ಟರೆ ಮತ್ತೆ ಅದೇ ಕಥೆ. ಅಲ್ಯೂಮಿನಿಯಂ ಮೇಲೆ ಜಾಯಿಂಟಿಂಗ್ ಪೇಸ್ಟ್ ಹಚ್ಚಿ, ಪೇಸ್ಟಿನ ಒಳಗೇ ವೈರ್ ಬ್ರಷ್‌ನಿಂದ ಉಜ್ಜಿ. ಮೊದಲು ಉಜ್ಜಿ ಆಮೇಲೆ ಹಚ್ಚಿದರೆ ಅಷ್ಟರಲ್ಲಿ ಪೊರೆ ಕಟ್ಟಿರುತ್ತೆ. ಬೈಮೆಟಲ್ ಲಗ್ ಕೇಳಿ ತನ್ನಿ: ಒಂದು ಕಡೆ ಅಲ್ಯೂಮಿನಿಯಂ ಕೊಳವೆ, ಇನ್ನೊಂದು ಕಡೆ ತಾಮ್ರದ ಅಂಗೈ. ಅಳತೆ ಸರಿಯಿರುವ ಕ್ರಿಂಪಿಂಗ್ ಟೂಲಲ್ಲೇ ಒತ್ತಿಸಿ, ಸುತ್ತಿಗೆಯಲ್ಲಿ ಜಜ್ಜಿದರೆ ಒಳಗೆ ಗಾಳಿ ಉಳಿಯುತ್ತೆ. ಸುಟ್ಟ ಹಿತ್ತಾಳೆ ಟರ್ಮಿನಲ್ಲನ್ನು ಮರಳು ಕಾಗದ ಹಾಕಿ ಉಳಿಸೋಕೆ ಹೋಗಬೇಡಿ, ಬದಲಿಸಿ.

ಮೋಟಾರು ಅರ್ಧ ಗಂಟೆ ಓಡಿದ ಮೇಲೆ ದೂರದಿಂದ ಥರ್ಮಾಮೀಟರ್ ಗನ್ ಹಿಡಿದು ಮೂರೂ ಟರ್ಮಿನಲ್ ಹೋಲಿಸಿ. ಒಂದು ಮಾತ್ರ ಹತ್ತು ಡಿಗ್ರಿ ಮೇಲಿದ್ದರೆ ಅಲ್ಲೇ ತಪ್ಪಿದೆ. ಹೊಳೆಯೋ ಹಿತ್ತಾಳೆ ಮೇಲೆ ಗನ್ ಕಡಿಮೆ ತೋರಿಸಿ ಮೋಸ ಮಾಡುತ್ತೆ. ಲೈನ್ ಆಫ್ ಇರುವಾಗಲೇ ಮೂರಕ್ಕೂ ಒಂದೊಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿಡಿ, ಅಲ್ಲಿಗೆ ಗುರಿ ಹಿಡೀರಿ.

ಬೋರಿಗೆ 6 ಸ್ಕ್ವೇರ್ ಕೊಳ್ಳುವಾಗ ಒಂದು ಎಳೆ ಬ್ಲೇಡಲ್ಲಿ ಹೆರೆದು ನೋಡಿ. ಮೇಲೆ ಕೆಂಪು, ಒಳಗೆ ಬಿಳಿ ಇದ್ದರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ಮೇಲೆ ಬಿಳಿ, ಒಳಗೆ ಕೆಂಪಿದ್ದರೆ ತವರ ಹಚ್ಚಿದ ತಾಮ್ರ, ಅದು ಪರವಾಗಿಲ್ಲ. ಅನುಮಾನ ಇದ್ದರೆ ಮೀಟರ್ ತುಂಡಿನ ಸಿಪ್ಪೆ ಸುಲಿದು ಒಂದು ಕೋರ್ ತೂಗಿಸಿ: ನಿಜವಾದ 6 ಸ್ಕ್ವೇರ್ ತಾಮ್ರ 50 ಗ್ರಾಂ ಆಸುಪಾಸು ಬರಬೇಕು, ಅಲ್ಯೂಮಿನಿಯಂ ಆದರೆ 16.